ಊಜಿ ನೊಣದ ಡಬ್ಬಿ ತೆರೆದ ಭಾನುವಾರ

ಲೇಡೀಸ್ ಹಾಸ್ಟೆಲ್, ಮೈಸೂರು
೧೪ ನವೆಂಬರ್ ೨೦೨೩

ನಾಗಕ್ಕಾ,

ನೀನು ಮೂರು ಸಲ ಫೋನ್ ಮಾಡಿದರೂ ನಾನು ತೆಗೆಯಲಿಲ್ಲ. ಇಂಟರ್ನಲ್ಸ್ ಇದ್ದವು ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು. ಫೋನಿನಲ್ಲಿ ಹೇಳಲಾಗದ ಮಾತೊಂದಿದೆ, ಅದಕ್ಕೇ ಕಾಗದ. ಹೇಗಿದ್ದೀಯಾ? ಈ ಬೆಳೆಯ ರೇಷ್ಮೆ ಹುಳು ಚೆನ್ನಾಗಿ ಸೊಪ್ಪು ತಿನ್ನುತ್ತಿವೆಯಾ?

ನಮ್ಮ ಡಿಪಾರ್ಟ್‌ಮೆಂಟಿನ ಸಾಬಿರಾ ಮೇಡಂ ಊಜಿ ನೊಣ ಕಡಿಮೆ ಮಾಡುವ ಪ್ರಾಜೆಕ್ಟಿಗೆ ಕೈಲಾಂಚದ ಜನರ ಒಪ್ಪಿಗೆ ಕೇಳಬೇಕು ಅಂದಾಗ ಫಸ್ಟ್ ಇಯರಿನಲ್ಲಿ ಕೈ ಎತ್ತಿದವಳು ನಾನೊಬ್ಬಳೇ. ನಮ್ಮೂರು, ನಮ್ಮ ಜನ, ನಾನೇ ವಿವರಿಸುತ್ತೇನೆ ಎಂದಿದ್ದೆ. ಒಂದು ವಾರ ಕನ್ನಡಿ ಮುಂದೆ ಪ್ರಾಕ್ಟೀಸ್ ಕೂಡ ಮಾಡಿದ್ದೆ. ಆ ಭಾನುವಾರ ಊರಿನ ಡೇರಿ ಮುಂದೆ ನಿಂತು ಜೀನ್, ಮ್ಯುಟೇಶನ್ ಅಂತ ಶುರುಮಾಡಿದರೆ ಕೆಂಚಮ್ಮಜ್ಜಿ, "ಅದೇನವ್ವ, ನಮ್ ಹುಳಕ್ಕೂ ಇಂಜೆಕ್ಷನ್ ಚುಚ್ಚೀರಾ?" ಅಂದಳು.

ಗಾಬರಿಯಲ್ಲಿ, ಮೇಡಂ ಬೇಡ ಅನ್ನುವಷ್ಟರಲ್ಲಿ, ಮಾದರಿಗೆ ತಂದಿದ್ದ ಡಬ್ಬಿ ತೆರೆದುಬಿಟ್ಟೆ. ಲ್ಯಾಬಿನಲ್ಲಿ ಜೀನ್ ಬದಲಿಸಿ ಬೆಳೆಸಿದ್ದ ಇಪ್ಪತ್ತು ಗಂಡು ನೊಣ ಹೊರಬಂದವು. ಊಜಿ ಒಳಗೆ ನುಗ್ಗಿದರೆ ಬೆಳೆಯೇ ಹೋಯಿತೆಂದು ಜೀವಮಾನವಿಡೀ ಹುಳದ ಮನೆಯ ಕಿಟಕಿಗೆ ಪರದೆ ಕಟ್ಟಿಕೊಂಡು ಬಂದ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಸೆರಗು, ಟವಲ್, ಚಪ್ಪಲಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆದರು. "ಒಂದೂ ಉಳೀನಿಲ್ಲ ಕಣ್ರವ್ವ" ಎಂದು ಅಜ್ಜಿ ಮೇಡಮ್ಮಿಗೆ ಹೆಮ್ಮೆಯಿಂದ ತೋರಿಸಿದಳು.

ಆಗ ನೀನು ಎದ್ದೆ. ಸೊಪ್ಪು ಕೊಯ್ದು ಬಂದ ಕೈಯನ್ನು ವೇಲಿಗೆ ಒರೆಸಿಕೊಂಡು, "ಅಜ್ಜಿ, ಹುಳದ ಮ್ಯಾಲೆ ಮೊಟ್ಟೆ ಇಕ್ಕೋದು ಹೆಣ್ಣು. ಇವು ಗಂಡು, ಹುಳ ಮುಟ್ಟಕಿಲ್ಲ. ಇವುನ್ನ ಕೂಡಿದ ಹೆಣ್ಣಿನ ಮರಿ ಉಳಿಯಕಿಲ್ಲ. ಬುಡ್ತಾ ಹೋದ್ರೆ ಊಜಿ ಒಸಿ ಒಸಿಯಾಗಿ ಕಮ್ಮಿ ಆಯ್ತದೆ" ಅಂದೆ.

"ಗಂಡಸ್ರುನ್ನ ನಂಬಿ ಒಳಕ್ಕೆ ಬುಟ್ಕಳದಾ?"

"ನೀನು ತಾತನ್ನ ಬುಟ್ಕಂಡಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಅದನ್ನೆಲ್ಲ ಹಿಂದಿನ ದಿನ ಫೋನಿನಲ್ಲಿ ನಿನಗೆ ಹೇಳಿಕೊಟ್ಟವಳು ನಾನು, ಅಕ್ಕ. ಮೊದಲು ನಮ್ಮ ಹುಳದ ಮನೆಯಲ್ಲೇ ಬಿಟ್ಟು ನೋಡಲಿ ಎಂದು ಅಪ್ಪ ಒಪ್ಪಿದರು. ನೊಣ ಸಾಕುವ ಕೋಣೆಗೆ ಡೇರಿ ಸಂಘದವರು ಜಾಗ ಕೊಡಲು, ಮನೆಮನೆಯವರೂ ಕೈಲಾದಷ್ಟು ದುಡ್ಡು ಹಾಕಲು ಹೂಂ ಅಂದರು. ಮೇಡಂ ನಿನ್ನನ್ನೇ ನೋಡುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ, "ನಿಮ್ಮಕ್ಕ ನಮ್ಮಲ್ಲಿ ಕೆಲಸಕ್ಕೆ ಬರ್ತಾರಾ? ಮಿಕ್ಕ ಊರುಗಳಿಗೂ ಅವರೇ ಹೋಗಿ ಹೇಳಿದರೆ ಜನ ಕೇಳ್ತಾರೆ" ಅಂದರು. ನಾನು, "ಅವಳಿಗೆ ಮದುವೆ ಗೊತ್ತಾಗಿದೆ ಮೇಡಂ, ಮನೇಲಿ ಕಳಿಸಲ್ಲ" ಅಂದೆ. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ರಾಮನಗರ ದಾಟುವವರೆಗೂ ಹಾಯಾಗಿತ್ತು.

ಮುಂದಿನ ಶುಕ್ರವಾರ ಆ ಕೆಲಸಕ್ಕೆ ಬೇರೆ ಯಾರನ್ನೋ ತೆಗೆದುಕೊಳ್ಳುತ್ತಾರಂತೆ. ಮೇಡಂ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ. ನೀನು ಮಾತಾಡಿದರೆ ನನ್ನ ಸುಳ್ಳು ಅವರಿಗೆ ಗೊತ್ತಾಗುತ್ತದೆ, ಇನ್ನೂ ನಾಲ್ಕು ವರ್ಷ ಅವರ ಕ್ಲಾಸಿನಲ್ಲೇ ಕೂರಬೇಕು. ಆದರೂ ಫೋನ್ ಮಾಡು.

ಅಪ್ಪ ಅಮ್ಮನಿಗೆ ನಮಸ್ಕಾರ. ನಿನ್ನ ಕೈಯಲ್ಲಿ ಈ ಸಲವೂ ಗೂಡು ಗಟ್ಟಿಯಾಗಿ ಬರಲಿ.

ನಿನ್ನ ತಂಗಿ,
ಸೌಭಾಗ್ಯ

ತಾ.ಕ.: ನೀನು ಮಾತಾಡಿದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ಒಪ್ಪುವ ಮುಂಚೆ ಅಪ್ಪ ನನ್ನನ್ನು ದಾಟಿಕೊಂಡು ನಿನ್ನ ಹತ್ತಿರ ಬಂದು, "ನೀನೇನಂತೀಯವ್ವ, ಬುಡಾನಾ?" ಅಂತ ಕೇಳಿದರಲ್ಲ. ಐದನೇ ಕ್ಲಾಸಿಗೆ ಹಾಸ್ಟೆಲಿಗೆ ಬಿಟ್ಟಾಗಿನಿಂದ ಅಪ್ಪ ನನ್ನನ್ನು ಕೇಳಿರುವುದು ಎರಡೇ: ಉಂಡ್ಯಾ, ಯಾವಾಗ ಹೊರಡ್ತೀಯ.