ಬಿಗಿಯಿಂದ ಎಣಿಸುವ ಲೆಕ್ಕ

ಮನೆ, ಅಡುಗೆಮನೆಯ ಮೇಜು
ಗುರುವಾರ, ಮಾರ್ಚ್ ೧೨

ನನ್ನ ಅಮ್ಮಾ,

ಬೆನ್ನು ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದ ಮೇಲೆ ಗೋಡೆ ಹಿಡಿಯದೆ ನಡೆಯುತ್ತಿದ್ದೀಯಂತೆ, ದೊಡ್ಡಮ್ಮ ಹೇಳಿದರು. ನೀರಿನ ಬಕೆಟ್ಟಿಗೂ ಕೈ ಹಾಕಿದೆಯಂತೆ, ಅದನ್ನೂ ಹೇಳಿದರು. ನೀನು ನಿನ್ನ ಅಕ್ಕನ ಮನೆಗೆ ಹೋಗಿರುವುದು ಸುಧಾರಿಸಿಕೊಳ್ಳಲು, ಅವರ ಮನೆ ರಿಪೇರಿಗೆ ಅಲ್ಲ. ನಾನು ಚೆನ್ನಾಗಿದ್ದೇನೆ. ಅಡುಗೆ ತಳ ಹಿಡಿಯುವುದು ವಾರಕ್ಕೆ ಎರಡು ಸಲಕ್ಕೆ ಇಳಿದಿದೆ.

ಈಗ ಗ್ಯಾರೇಜಿನ ಸುದ್ದಿ. ರೇಸ್ ಕಾರುಗಳ ಹದ ನೋಡಲು ಇನ್ನು ಟ್ರ್ಯಾಕಿಗೆ ಹೋಗುವುದಿಲ್ಲವಂತೆ, ಎಲ್ಲ ಸಿಮ್ಯುಲೇಟರಿನಲ್ಲೇ ಅಂತೆ. ಇಪ್ಪತ್ತೆರಡು ವರ್ಷ ಕಾರಿನಡಿ ಮಲಗಿ ಹದ ಕೂರಿಸಿದ ನಿನ್ನ ಕೆಲಸ ಇರಬೇಕೋ ಹೋಗಬೇಕೋ ಎಂದು ಹೊಸ ಇಂಜಿನಿಯರ್ ತಿಂಗಳ ಕೊನೆಗೆ ಬರೆದು ಕೊಡುತ್ತಾರೆ. ಕೇಳಿ ಮೈಯೆಲ್ಲ ಉರಿಯಿತು. ಯಂತ್ರ ದುಡಿಯುವವರ ಕೈಗೆ ಬರಬೇಕು, ಕೈಯನ್ನೇ ಕತ್ತರಿಸಬಾರದು ಎಂದು ನಾನು ಓದಿದ ಪ್ರತಿಯೊಂದು ಕರಪತ್ರವೂ ಹೇಳುತ್ತದೆ. ಅಂಥ ನಾಲ್ಕು ಕರಪತ್ರ, ನಿನ್ನ ಎಣ್ಣೆ ಕಲೆಯ ನೋಟ್‌ಬುಕ್ ಹಿಡಿದು ಜಗಳಕ್ಕೇ ಹೋದೆ. ಆ ಮನುಷ್ಯ ಜಗಳಕ್ಕೆ ಬರಲೇ ಇಲ್ಲ. ಕರಪತ್ರ ಇಸಿದುಕೊಂಡು ಓದುತ್ತೇನೆ ಎಂದರು. ನೋಟ್‌ಬುಕ್ ತಿರುವಿ, ಈ ಅಂಕಿಗಳನ್ನೇ ಹಾಕಿ ನೋಡೋಣ ಎಂದರು. ಟೊಂಕ ಕಟ್ಟಿ ಹೋದವಳಿಗೆ ಇದಕ್ಕಿಂತ ಅವಮಾನ ಬೇಕೇ?

ಹಿಂದೆ ಟೈರು ಇಡುತ್ತಿದ್ದ ಕೋಣೆಯೇ ಈಗ ಸಿಮ್ಯುಲೇಟರ್ ಕೋಣೆ. ಚಕ್ರವಿಲ್ಲದ ಕಾರಿನ ಮೈ, ಒಳಗೆ ಸೀಟು, ಸ್ಟೀರಿಂಗು, ಎದುರಿಗೆ ಮೂರು ದೊಡ್ಡ ಪರದೆ. ರಸ್ತೆ ಪರದೆಯ ಮೇಲೆ ಬರುತ್ತದೆ, ಅದರ ಉಬ್ಬುತಗ್ಗಿಗೆ ಸೀಟು ಕುಲುಕುತ್ತದೆ. ಟೈರಿನ ಗಾಳಿ, ಸ್ಪ್ರಿಂಗು, ಬ್ರೇಕು ಎಲ್ಲದರ ಅಂಕಿಯನ್ನೂ ನಾನೇ ಒತ್ತಿದೆ. ಕೊನೆಗೆ ಟಿಕ್ ಟಿಕ್ ಎಂದು ತಿರುಗುವ ಶಾಕ್ ಅಬ್ಸಾರ್ಬರಿನ ತಿರುಪು: ನಿನ್ನ ಅಕ್ಷರದಲ್ಲಿ ಮುಂದೆ ನಾಲ್ಕು ಟಿಕ್, ಹಿಂದೆ ಆರು. ಹಾಗೆಯೇ ಹಾಕಿದೆ. ನೀನು ಅವಸರದಣ್ಣ ಎನ್ನುವ ಡ್ರೈವರ್ ಕೂತ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಕಾರು ಮೂಗನ್ನು ನೆಲಕ್ಕೆ ಕುಕ್ಕಿ, ತೊಟ್ಟಿಲಿನ ಹಾಗೆ ತೂಗಾಡಿ, ಹಿಂದುಮುಂದಾಗಿ ಹುಲ್ಲಿನಲ್ಲಿ ನಿಂತಿತು. ಮೂರು ಸಲವೂ ಹಾಗೇ. "ನಿಮ್ಮಮ್ಮನ ಲೆಕ್ಕ ಹಳೇದಾಯ್ತು ಅನ್ಸುತ್ತೆ," ಎಂದರು ಇಂಜಿನಿಯರ್, ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನ ಕೆಲಸವನ್ನು ಕೈಯಾರೆ ಕಳೆದೆನಲ್ಲ ಎನಿಸಿತು.

ಆಗ ನೆನಪಾಯಿತು. ನನಗೆ ಒಂಬತ್ತು ವರ್ಷ, ಕಾರಿನಡಿ ನಿನ್ನ ಪಕ್ಕ ಮಲಗಿದ್ದೆ. "ಮೊದಲು ಪೂರ್ತಿ ಬಿಗಿ ಮಾಡು ಪುಟ್ಟಿ, ಆಮೇಲೆ ಸಡಿಲಿಸ್ತಾ ಎಣಿಸು. ಬಿಗಿಗೆ ಒಂದು ಕೊನೆ ಇದೆ, ಸಡಿಲಕ್ಕೆ ಎಲ್ಲಿದೆ?" ಎಂದಿದ್ದೆ ನೀನು. (ನನ್ನನ್ನು ಬೆಳೆಸಿದ್ದೂ ಹೀಗೇ ಅಲ್ಲವೇ.) ಸಿಮ್ಯುಲೇಟರಿನಲ್ಲಿ ಸಡಿಲಕ್ಕೂ ಒಂದು ತುದಿ ಇದೆ, ಅದು ಎಣಿಸುವುದು ಅಲ್ಲಿಂದ. ಒಟ್ಟು ಇಪ್ಪತ್ತು ಟಿಕ್. ನಿನ್ನ ನಾಲ್ಕು ಅದಕ್ಕೆ ಹದಿನಾರು, ನಿನ್ನ ಆರು ಹದಿನಾಲ್ಕು. ಬದಲಿಸಿದೆ. ಅದೇ ತಿರುವಿನಲ್ಲಿ ಕಾರು ಹಳಿಯ ಮೇಲೆ ಹೋದ ಹಾಗೆ ಹೋಯಿತು. ಅವಸರದಣ್ಣ ಹನ್ನೆರಡು ಸುತ್ತು ಇಳಿಯಲೇ ಇಲ್ಲ. ಇಳಿದವನು ಪರದೆ ನೋಡಲಿಲ್ಲ, ಸಮಯ ಕೇಳಲಿಲ್ಲ. "ಅಕ್ಕ ಬಂದಿದ್ದಾರಾ?" ಎಂದು ನಿನ್ನನ್ನು ಹುಡುಕುತ್ತಾ ಬಾಗಿಲ ಕಡೆ ನೋಡಿದ.

ಅಳು ಬಂತು ಅಮ್ಮಾ. ತೋರಬಾರದೆಂದು ಟೈರಿನ ಗಾಳಿ ಮತ್ತೊಮ್ಮೆ ಪರೀಕ್ಷಿಸುವ ನಾಟಕವಾಡಿದೆ. ಪರದೆಯ ಮೇಲಿನ ಟೈರಿಗೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗು. ಬಕೆಟ್ ಮುಟ್ಟಬೇಡ.

ನಿನ್ನ
ಬಾಯಿಬಡುಕಿ

ಮರೆತ ಮಾತು: ನೋಟ್‌ಬುಕ್ಕಿನ ನಕಲು ಕೊಟ್ಟರೆ ಸಾಕು ಎಂದರು ಇಂಜಿನಿಯರ್. ಅರಿವು ಎಲ್ಲರ ಸ್ವತ್ತು ಎಂದು ಊರ ಗೋಡೆಗೆಲ್ಲ ಅಂಟಿಸಿದವಳು ನಾನೇ. ಆದರೂ ಕೊಡಲಿಲ್ಲ. ಬರೆದವಳು ಬಂದರೆ ಪುಸ್ತಕವೂ ಬರುತ್ತದೆ ಎಂದೆ. ಅವರು ಒಪ್ಪಿದ್ದಾರೆ. ಆ ಕೋಣೆಯಲ್ಲೇ ಕೂತು ಮಾಡುವ ಕೆಲಸ, ಬಗ್ಗಬೇಕಿಲ್ಲ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತಾಡಿಬಿಟ್ಟೆ, ನಾವು ಕರಪತ್ರದವರು ಮಾಡುವ ತಪ್ಪೇ ಅದು. ನಿನಗೆ ಬೇಡವೆನಿಸಿದರೆ ಬೇಡ ಎಂದೇ ಹೇಳು. ನಕಲು ಕೊಟ್ಟು ಬರುತ್ತೇನೆ, ಅವಸರದಣ್ಣನಾದರೂ ನೆಟ್ಟಗೆ ಓಡಿಸಲಿ. ಫೋನಿನಲ್ಲಿ ಕೇಳಿದ್ದರೆ ನೀನು ನನ್ನ ಸಲುವಾಗಿ ಹೂಂ ಅಂದುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ನಾಲ್ಕು ದಿನ ಯೋಚಿಸಿ, ನಿನ್ನ ಸಲುವಾಗಿ ಹೇಳು.