ಅಪ್ಪನ ಮುಖಕ್ಕೆ ನಿನ್ನ ಕಣ್ಣು

ತಿ. ನರಸೀಪುರ
9-2-2005, ಬುಧವಾರ

ತಮ್ಮ ನಂಜೇಶನಿಗೆ,

ಅಕ್ಕ ಸರ್ವಮಂಗಳಾ ಮಾಡುವ ಆಶೀರ್ವಾದ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೂ ಆಶೀರ್ವಾದ ಆಶೀರ್ವಾದವೇ, ತೆಗೆದುಕೋ. ನಿನ್ನ ಹೊಟ್ಟೆ ಉರಿ ಹೇಗಿದೆ? ರಾಯಚೂರಿನ ಖಾರ ತಿನ್ನಬೇಡ ಅಂತ ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ಚೈತ್ರಳ ಗಂಟಲು ನೋವು ವಾಸಿಯಾಯಿತೇ? ಅರ್ಪಿತಾಗೆ ಹೇಳು, ಮೆಣಸಿನ ಕಷಾಯಕ್ಕೆ ಒಂದು ಚೂರು ಬೆಲ್ಲ ಹಾಕಿದರೆ ಮಗು ಕುಡಿಯುತ್ತಾಳೆ. ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ಊರಲ್ಲಿ, ಹೆಡತಲೆಯಲ್ಲಿ, ಅಮ್ಮ ಚೆನ್ನಾಗಿಲ್ಲ. ಯಾಕೆ ಚೆನ್ನಾಗಿಲ್ಲ ಅನ್ನುವುದಕ್ಕೇ ಈ ಕಾಗದ. ಫೋನು ಮಾಡಿದರೆ ನೀನು 'ಅಕ್ಕ, ಸೈಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ' ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಆಗುವುದಿಲ್ಲವಲ್ಲ.

ಅಪ್ಪನ ವರ್ಷದ ಪುಣ್ಯಸ್ಮರಣೆಗೆಂದು ನೀನು ಕಳಿಸಿದ ಫೋಟೋ ಶುಕ್ರವಾರ ಹುಲ್ಲಹಳ್ಳಿ ಬಸ್ಸಿನಲ್ಲಿ ಬಂತು. ನಾನು ಅವತ್ತು ಹೆಡತಲೆಯಲ್ಲೇ ಇದ್ದೆ. ಎರಡಡಿ ಎತ್ತರ, ಚಿನ್ನದ ಬಣ್ಣದ ಕಟ್ಟು, ಹಿಂದೆ ನೀಲಿ ಮೋಡ. ಬಿಚ್ಚುವಾಗ ಪಕ್ಕದ ಮನೆಯ ಮರಿತಾಯಮ್ಮನೂ ಬಂದು ನಿಂತಿದ್ದಳು. ಅಮ್ಮ ಸೆರಗಿನಿಂದ ಗಾಜು ಒರೆಸಿದಳು. 'ಇವ್ರು ಯಾರವ್ವ?' ಅಂತ ನನ್ನನ್ನು ಕೇಳಿದಳು. ನಲವತ್ತೈದು ವರ್ಷ ಜೊತೆಗೆ ಬಾಳಿದ ಹೆಂಗಸು ಗಂಡನ ಫೋಟೋ ನೋಡಿ ಇವರು ಯಾರು ಅಂತ ಕೇಳಿದಳು, ನಂಜೇಶ. ನಾನೂ ನೋಡಿದೆ. ಮೀಸೆ ಅಪ್ಪನದು, ವಿಭೂತಿ ಅಪ್ಪನದು, ಕಿವಿಯ ಮೇಲಿನ ಕೂದಲು ಕೂಡ ಅಪ್ಪನದೇ. ಕಪ್ಪು ಕನ್ನಡಕ ಇರಬೇಕಾದ ಜಾಗದಲ್ಲಿ ಮಾತ್ರ ಎರಡು ಹೊಳೆಯುವ ಕಣ್ಣು. ಅಮ್ಮ ಇನ್ನೊಂದು ಸಲ ಬಗ್ಗಿ ನೋಡಿದವಳೇ 'ಅಯ್ಯೋ ಸಿವನೇ, ಇವು ನಮ್ ನಂಜೇಸನ ಕಣ್ಣಲ್ವಾ' ಅಂದಳು.

ನಾನು ನಂಬಲಿಲ್ಲ. ಮಾರನೆಯ ದಿನವೇ ಮೈಸೂರಿಗೆ ಹೋಗಿ ನೀನು ಫೋಟೋ ಮಾಡಿಸಿದ ಸ್ಟುಡಿಯೋ ಹುಡುಕಿದೆ. ಕಂಪ್ಯೂಟರ್ ಮುಂದೆ ಕೂತಿದ್ದವನು ಏನೂ ಮುಚ್ಚುಮರೆ ಮಾಡಲಿಲ್ಲ. 'ಮೇಡಂ, ಯಜಮಾನ್ರುದು ಕಣ್ಣು ಕಾಣೋ ಫೋಟೋನೇ ಸಿಗ್ಲಿಲ್ಲ. ಸಾರೇ ತಮ್ದೇ ಪಾಸ್‌ಪೋರ್ಟ್ ಸೈಜ್ ಫೋಟೋ ಕೊಟ್ರು. ನಾವು ಎಷ್ಟೋ ಜನಕ್ಕೆ ಮಗನ ಕಣ್ಣೇ ಹಾಕೀವಿ, ಒಂದೇ ರಕ್ತ ಅಲ್ವಾ, ಸರಿಯಾಗಿ ಕೂತ್ಕತದೆ' ಅಂದ. ಅವನ ಕಸುಬು ಅವನು ಮಾಡಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿನ್ನನ್ನು ಬೈಯಲು ಬರುತ್ತದೆ.

ನಿನಗೆ ಬುದ್ಧಿ ಇದೆಯೇನೋ? ಇಂಜಿನಿಯರ್ ಅಂತೆ, ಸೇತುವೆ ಕಟ್ಟಿಸುತ್ತಾನಂತೆ! ಬದುಕಿರುವ ಮಗನ ಕಣ್ಣಿಗೆ ಹೆತ್ತವಳು ಹಾರ ಹಾಕಬೇಕೇ? ಊದುಬತ್ತಿ ಬೆಳಗಬೇಕೇ? 'ಮಗ ಬದುಕಿರೋವಾಗ್ಲೇ ಅವನ್ ಕಣ್ಣಿನ ಮುಂದ್ಗಡೆ ದೀಪ ಅಚ್ಚಿಡ್ಲಾ? ನನ್ ಕೈಲಾಗಾಕಿಲ್ಲ ಕಣವ್ವ' ಅಂತ ಅಮ್ಮ ಆ ಫೋಟೋವನ್ನು ಗೋಡೆ ಕಡೆ ತಿರುಗಿಸಿ ಭತ್ತದ ಚೀಲಗಳ ಹಿಂದೆ ಇಟ್ಟಿದ್ದಾಳೆ. ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ನಿನಗೆ ಏನೋ ಆಗಿಬಿಡುತ್ತದೆ ಅಂತ ಭಯ. ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡು ಕೂತಿದ್ದಾಳೆ. ಇದರ ಮೇಲೆ ನೀನು ಅದೇ ಮುಖ ಹಾಕಿಸಿ ಮುನ್ನೂರು ಆಹ್ವಾನ ಪತ್ರಿಕೆ ಬೇರೆ ಅಚ್ಚು ಹಾಕಿಸಿದ್ದೀಯ. ಅದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟಿದ್ದೇನೆ. ನೆಂಟರನ್ನು ಬಾಯಲ್ಲೇ ಕರೆಯುತ್ತೇವೆ, ಮಠಕ್ಕೆ ನಿನ್ನ ಭಾವ ಹೋಗಿ ಹೇಳಿ ಬರುತ್ತಾರೆ.

'ಒಂದ್ಸಲ ಆದ್ರೂ ಅಪ್ಪನ್ನ ಎರಡು ಕಣ್ಣಲ್ಲಿ ನೋಡೋಣ ಅಂತ ಅಕ್ಕ' ಅಂದೆಯಲ್ಲ ಮೊನ್ನೆ ಫೋನಿಡುವ ಮೊದಲು, ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಇದ್ದಾಗ ಅಪ್ಪನನ್ನು ಎಷ್ಟು ನೋಡಿದ್ದೀಯ? ನಿನ್ನ ಮದುವೆ ಆಲ್ಬಮ್ ತೆಗೆದು ನೋಡು. ತೊಂಬತ್ತನಾಲ್ಕು, ನಂಜನಗೂಡಿನ ಛತ್ರ. ಗಂಡು ಹೆಣ್ಣಿನ ಪಕ್ಕ ಅಮ್ಮ ಒಬ್ಬಳೇ ನಿಂತಿದ್ದಾಳೆ. ಅಪ್ಪ ಎಲ್ಲಿ ಅಂತ ನಿನ್ನ ಮಗಳು ಕೇಳಿದರೆ ಏನು ಹೇಳುತ್ತೀಯ? ವಿಡಿಯೋ ದೀಪ ಹತ್ತಿದ ಮೇಲೆ ನೀನು ಅಪ್ಪನ ಕಿವಿಯಲ್ಲಿ 'ಆ ಕೂಲಿಂಗ್ ಗ್ಲಾಸ್ ತೆಗೀರಪ್ಪ, ಪಿಕ್ಚರ್ ವಿಲನ್ ಥರ ಕಾಣ್ತೀರ, ಹುಡುಗಿ ಕಡೆಯೋರು ನಗ್ತಾವ್ರೆ' ಅಂದೆ. ಹಿಂದೆ ನಿಂತಿದ್ದ ನನಗೆ ಕೇಳಿಸಿತು. ಅಪ್ಪ ಕನ್ನಡಕಕ್ಕೆ ಕೈ ಹಾಕಿದರು, ತೆಗೆಯಲಿಲ್ಲ. 'ಇರ್ಲಿ ಬುಡು ಮಗ, ಪಂಕ್ತೀಲಿ ಪಾಯಸ ಬತ್ತಾ ನೋಡ್ತೀನಿ' ಅಂತ ವೇದಿಕೆ ಇಳಿದು ಹೋದರು. ಮತ್ತೆ ಮೇಲೆ ಬರಲೇ ಇಲ್ಲ. ಚೈತ್ರಳ ನಾಮಕರಣದಲ್ಲಿ ಕಂಬದ ಹಿಂದೆ ಅರ್ಧ ಕಾಣುತ್ತಾರೆ. ನಿನ್ನ ಗೃಹಪ್ರವೇಶದಲ್ಲಿ ನಿನ್ನ ಮಾವ 'ಬೀಗರು ಭಾರಿ ಶೋಕಿ' ಅಂದಾಗ ನೀನು ತಲೆ ತಗ್ಗಿಸಿಕೊಂಡೆ. ಅಪ್ಪ ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕರು.

ಶೋಕಿ ಅಂದುಕೊಂಡಿದ್ದೆಯಲ್ಲವೇ? ಮನೆಯೊಳಗೂ ಹಾಕುತ್ತಾರೆ, ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ, ಒಂದು ಕಣ್ಣು ಹೋದವರಿಗೆ ಇಷ್ಟು ಬಿಂಕ ಯಾಕೆ ಅಂತ ನೀನೇ ನನ್ನ ಹತ್ತಿರ ಅಂದಿದ್ದೀಯ. ಇವತ್ತು ಕೇಳಿಸಿಕೋ. ನೀನು ಊರಲ್ಲಿ ಇಲ್ಲದಾಗ ಅಪ್ಪ ಆ ಕನ್ನಡಕ ಹಾಕುತ್ತಲೇ ಇರಲಿಲ್ಲ. ಗದ್ದೆಗೆ, ಸಂತೆಗೆ, ಮಠಕ್ಕೆ, ನನ್ನ ಮನೆಗೆ ಎಲ್ಲಿಗೂ ಬರಿಗಣ್ಣಲ್ಲೇ. ಆ ಬಿಳಿಗಣ್ಣು ಹುಲ್ಲಹಳ್ಳಿ ಸೀಮೆಗೆಲ್ಲ ಗೊತ್ತು. ಕನ್ನಡಕ ದೇವರ ಗೂಡಿನ ಪಕ್ಕ ಬಟ್ಟೆಯಲ್ಲಿ ಸುತ್ತಿ ಇರುತ್ತಿತ್ತು. ನೀನು ಬರುವ ದಿನ ಬೆಳಿಗ್ಗೆ ತೆಗೆದು ಒರೆಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಬಸ್ಸಿನ ಹಾರನ್ ಕೇಳಿದರೆ ಕಣ್ಣಿಗೆ. ನಿನ್ನನ್ನು ಬಸ್ಸು ಹತ್ತಿಸಿದ ಮೇಲೆ ತೆಗೆದು ಮತ್ತೆ ಗೂಡಿಗೆ. ನೀನು ಮೂರನೇ ಕ್ಲಾಸಿನಲ್ಲಿ 'ಒಕ್ಕಣ್ಣನ ಮಗ ಅಂತಾರೆ, ನಿನ್ ಕಣ್ಣಿಗೆ ಏನಾಯ್ತು?' ಅಂತ ಅಳುತ್ತ ಬಂದೆ, ನೆನಪಿದೆಯೇ? 'ಕಬ್ಬಿನ ಗರಿ ಒಡೀತು ಕಣ್ಲಾ ಮಗ' ಅಂದರು. ಮಾರನೆಯ ದಿನವೇ ನಂಜನಗೂಡಿಗೆ ಹೋಗಿ ಆ ಕನ್ನಡಕ ತಂದರು. ಆವತ್ತಿನಿಂದ ಸಾಯುವವರೆಗೂ ನಿನ್ನ ಮುಂದೆ ತೆಗೆಯಲಿಲ್ಲ. ನಿನಗಿರುವುದೆಲ್ಲ ಕನ್ನಡಕದ ಅಪ್ಪನ ಫೋಟೋನೇ, ಯಾಕೆಂದರೆ ಫೋಟೋ ತೆಗೆಸುತ್ತಿದ್ದದ್ದೆಲ್ಲ ನಿನ್ನ ಸಮಾರಂಭಗಳಿಗೆ!

ಬರಿಗಣ್ಣಿನದು ಒಂದೇ ಒಂದಿದೆ. ತೊಂಬತ್ತೈದರಲ್ಲಿ ಮತದಾರರ ಗುರುತಿನ ಚೀಟಿಗೆ ಹೆಡತಲೆ ಸ್ಕೂಲಿನ ಜಗಲಿಯಲ್ಲಿ ತೆಗೆದದ್ದು. ಕ್ಯಾಮೆರಾದವನು 'ಕಪ್ಪು ಕನ್ನಡಕ ಇದ್ರೆ ಆಕ್ಕಳಿ ಯಜಮಾನ್ರೆ, ಕಣ್ಣು ಬೆಳ್ಳಗೆ ಬೀಳ್ತದೆ' ಅಂದನಂತೆ. 'ಓಟು ಆಕೋನು ನಾನೇ ಅಂತ ಗೊತ್ತಾಗ್ಬ್ಯಾಡ್ವಾ, ಒಡಿಯಪ್ಪ' ಅಂದರಂತೆ ಅಪ್ಪ. ಆ ಚೀಟಿಯನ್ನು ಅಮ್ಮ ತನ್ನ ಟ್ರಂಕಿನಿಂದ ತೆಗೆದುಕೊಟ್ಟಳು. ಇಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋ ಶಿವಸ್ವಾಮಿ ಅದನ್ನು ದೊಡ್ಡದು ಮಾಡಿಕೊಟ್ಟಿದ್ದಾನೆ. ಕಾಳುಕಾಳಾಗಿ ಬಂದಿದೆ, ಒಂದು ಮೂಲೆಯಲ್ಲಿ ಸರ್ಕಾರದ ಸೀಲಿನ ಅರ್ಧ ಬಳೆ ಕಾಣುತ್ತದೆ. ಕಣ್ಣು ಸ್ವಲ್ಪ ತಿದ್ದಲೇ ಅಂತ ಕೇಳಿದ, ಒಂದು ಚುಕ್ಕೆ ಮುಟ್ಟಿದರೂ ನಿನ್ನ ಅಂಗಡಿ ಮುಂದೆ ಕೂರುತ್ತೇನೆ ಅಂದೆ. ಅಮ್ಮನಿಗೆ ತೋರಿಸಿದಾಗ 'ಈಗ ಸರೋಯ್ತು, ಇವ್ರೇ' ಅಂತ ಅಳುತ್ತ ಅಳುತ್ತ ಊಟಕ್ಕೆ ಎದ್ದಳು.

21ನೇ ತಾರೀಕು ಸೋಮವಾರ ಪೂಜೆಗೆ ಇಡುವುದು ಈ ಫೋಟೋನೇ. ನಿನ್ನ ಮಾವನ ಮನೆಯವರು ಏನಂದುಕೊಳ್ಳುತ್ತಾರೋ ಅಂದುಕೊಳ್ಳಲಿ. ನಿನಗೆ ನಾಚಿಕೆಯಾಗುವುದಾದರೆ ನೀನು ಕಪ್ಪು ಕನ್ನಡಕ ಹಾಕಿಕೊಂಡು ಬಾ.

ಅರ್ಪಿತಾಳಿಗೆ ನನ್ನ ಮೇಲೆ ಕೋಪ ಬೇಡವೆಂದು ಹೇಳು. ಚೈತ್ರಳಿಗೆ ಮುತ್ತು. ಅಮ್ಮ ನಿಮ್ಮ ಮೂವರಿಗೂ ನಂಜುಂಡೇಶ್ವರನ ವಿಭೂತಿ ಕಳಿಸಿದ್ದಾಳೆ, ಪೊಟ್ಟಣ ಇದರೊಳಗೇ ಇದೆ, ಹಣೆಗೆ ಹಚ್ಚಿಕೊಳ್ಳಿ. ನೂರು ವರ್ಷ ಬಾಳು.

ನಿನ್ನ ಅಕ್ಕ,
ಸರ್ವಮಂಗಳಾ

ಮ.ವಿ.: ಕವರು ಅಂಟಿಸಿ ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸು ಬಂದು ಹರಿದಿದ್ದೇನೆ. ಅಪ್ಪನ ಕಣ್ಣು ತೆಗೆದದ್ದು ಕಬ್ಬಿನ ಗರಿಯಲ್ಲ. ನಿನಗೆ ಆಗ ನಾಲ್ಕು ವರ್ಷ, ನನಗೆ ಒಂಬತ್ತು. ನಮ್ಮ ಆಲೆಮನೆಯಲ್ಲಿ ಬೆಲ್ಲದ ಪಾಕಕ್ಕೆ ಹಾಕಲು ಸುಣ್ಣ ಕಲಸಿಟ್ಟಿದ್ದರು. ನೀನು ಹಿಡಿ ತುಂಬ ಎತ್ತಿ ಆಟಕ್ಕೆಂದು ಅಪ್ಪನ ಮುಖಕ್ಕೆ ಎರಚಿದೆ. ನೀನು ನಗುತ್ತಿದ್ದೆ, ನಿನ್ನನ್ನು ನೋಡಿ ಅಪ್ಪನೂ ನಗುತ್ತಿದ್ದರು. ಕಂಡವಳು ನಾನೊಬ್ಬಳೇ. ಕಣ್ಣಿಗೆ ಬಟ್ಟೆ ಒತ್ತಿಕೊಂಡೇ ತಮ್ಮ ಕೊರಳಿನ ಲಿಂಗ ನನ್ನ ಕೈಯಲ್ಲಿ ಹಿಡಿಸಿ ಆಣೆ ಹಾಕಿಸಿದರು: 'ಮಗೀಗೆ ಯೋಳ್ಬ್ಯಾಡ ಕಣವ್ವ, ಗೊತ್ತಾದ್ರೆ ನನ್ ಮಕ ನೋಡಕ್ಕೆ ಎದರ್ಕತದೆ.' ಅಮ್ಮನಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೂವತ್ತೈದು ವರ್ಷದ ಆಣೆ ಇವತ್ತು ಮುರಿದಿದ್ದೇನೆ, ಪಾಪ ನನಗೇ ಇರಲಿ. ಸುಣ್ಣಕ್ಕಾಗಿ ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನೀನು ಮಗು. ಭಾನುವಾರವೇ ಹೊರಟು ಬಾ. ನೆಂಟರು ಬರುವ ಮೊದಲು ಒಬ್ಬನೇ ಕೂತು ಅಪ್ಪನ ಮುಖ ನೋಡು. ಹೆದರಬೇಡ, ನಾನು ಬಾಗಿಲ ಹೊರಗೆ ಇರುತ್ತೇನೆ.