ಔಟ್‌ಬಾಕ್ಸಿನಾಗ ಉಳಿದದ್ದು

ಅಪ್ಪಾ,

ಅದಿರು ಲಾರಿಗಳ ಚೀಟಿ ಅಚ್ಚು ಮಾಡ್ತಿದ್ರಲ್ಲ, ಆ ಮ್ಯಾಕ್ ಕಂಪ್ಯೂಟರ್ ನೀವು ತೀರಿಕೊಂಡ ಮ್ಯಾಲೆ ಯಾರೂ ಮುಟ್ಟಿರಲಿಲ್ಲ. ಶುಕ್ರವಾರ ನಾನೇ ಚಾಲೂ ಮಾಡಿ, ಫೋನಿನ ವೈರ್ ಸಿಗಿಸಿ, ಮೇಲ್ ಸಾಫ್ಟ್‌ವೇರ್ ತೆರದೆ. ಏನಾತು ಗೊತ್ತೇನ್ರಿ? ವಿಮಾನ ಹಾರಿದಂಗ ಸಪ್ಪಳ ಮಾಡಿ, ಔಟ್‌ಬಾಕ್ಸಿನಾಗಿದ್ದ ಒಂದು ಮೇಲ್ ತಾನಾಗೇ ಹೊಂಟುಹೋತು. ಕಂಪ್ಲಿ ಶ್ರೀಪತಿ ಕಾಕಾಗ ಬರದದ್ದು: "ಸಿಟ್ಟು ಸಾಕೋ ತಮ್ಮಾ, ಭಾನುವಾರ ಊಟಕ್ಕ ಬಾ."

ತಾರೀಖು ನೋಡಿದೆ. ನೀವು ಹೋಗೋ ಹಿಂದಿನ ಸಂಜಿ. ಮನ್ಯಾಗ ಫೋನಿಗೂ ಇಂಟರ್ನೆಟ್ಟಿಗೂ ಇರೋದು ಒಂದೇ ಲೈನ್. ಅವತ್ತು ನಾನು ಗೆಳತಿ ನೀರಜಾ ಜೋಡಿ ಫೋನಿನಾಗ ನಗತಾ ಕುಂತಿದ್ದೆ. ನೀವು ವೈರ್ ಹಿಡಕೊಂಡು ನಿಂತು ನಿಂತು, "ನಾಳೆ ಕಳಿಸಿದ್ರಾತು ಬಿಡವ್ವ" ಅಂದ್ರಿ.

ಇವತ್ತು ಭಾನುವಾರ. ನಿಮ್ಮ ಮಣ್ಣಿಗೂ ಬರದಿದ್ದ ಕಾಕಾ ಬಂದು, ಕೈಕಾಲು ತೊಳಕೊಂಡು ಕುಂತಾರ. "ಅಣ್ಣ ಕರದಾನ, ಎಲಿ ಹಾಕು" ಅಂತಾರ.

ಎಷ್ಟು ಎಲಿ ಹಾಕಲಿ, ಅಪ್ಪಾ?